ಹಣಕಾಸು ತಂತ್ರಾಂಶ: ಯಂತ್ರಾಂಶ ಮತ್ತು ಡ್ರೈವರ್ ತೊಡಕುಗಳು

ಮನೆಯ ಆದಾಯ-ವೆಚ್ಚ, ಬ್ಯಾಂಕ್ ಖಾತೆ, ಸಾಲದ ಕಂತು, ಹೂಡಿಕೆ, ತೆರಿಗೆ ಇವುಗಳ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬರೆದಿಡಲು ಬಳಸುವ ತಂತ್ರಾಂಶಗಳನ್ನು ವೈಯಕ್ತಿಕ ಹಣಕಾಸು ತಂತ್ರಾಂಶ ಎನ್ನುತ್ತಾರೆ. ಅಮೆರಿಕದ ಕ್ವಿಕನ್, ಈಗ ನಿಂತುಹೋಗಿರುವ ಮೈಕ್ರೋಸಾಫ್ಟ್ ಮನಿ, ಮುಕ್ತ ತಂತ್ರಾಂಶವಾದ ಗ್ನೂಕ್ಯಾಶ್, ಜಾವಾದಲ್ಲಿ ಬರೆದ ಮನಿಡ್ಯಾನ್ಸ್ ಇವು ಹೆಸರಾದವು. ಭಾರತದಲ್ಲಿ ಅಂಗಡಿ, ಸಣ್ಣ ಉದ್ದಿಮೆಗಳಿಗೆಂದು ಬೆಳೆದ ಟ್ಯಾಲಿಯನ್ನೇ ಸ್ವಂತ ಲೆಕ್ಕಕ್ಕೂ ಬಳಸುವವರಿದ್ದಾರೆ. ಇಂಥ ತಂತ್ರಾಂಶ ಇದ್ದಕ್ಕಿದ್ದಂತೆ ಮುಚ್ಚಿಹೋದರೆ, ವರದಿ ತೆರೆಯದೆ ಸ್ತಬ್ಧವಾದರೆ, ಮುದ್ರಣಕ್ಕೆ ಹೋಗಿ ಕಂಪ್ಯೂಟರೇ ನಿಂತರೆ ಬಳಕೆದಾರರು ಮೊದಲು ದೂರುವುದು ತಂತ್ರಾಂಶವನ್ನು. ಎಷ್ಟೋ ಸಲ ದೋಷ ಇರುವುದು ಅದರ ಕೆಳಗಿನ ಪದರದಲ್ಲಿ: ಪ್ರಿಂಟರ್, ಗ್ರಾಫಿಕ್ಸ್ ಚಿಪ್, ಯುಎಸ್‌ಬಿ ಟೋಕನ್, ಡಿಸ್ಕ್ ಅಥವಾ ಅವುಗಳನ್ನು ನಡೆಸುವ ಡ್ರೈವರ್‌ಗಳಲ್ಲಿ.

ಕಾರ್ಯಾಚರಣ ವ್ಯವಸ್ಥೆಗೂ ಸಾಧನಕ್ಕೂ ನಡುವೆ ನಿಂತ ದುಭಾಷಿಯೇ ಡ್ರೈವರ್. ಹಲವು ಡ್ರೈವರ್‌ಗಳು ವ್ಯವಸ್ಥೆಯ ತಿರುಳಾದ ಕರ್ನಲ್‌ನೊಳಗೇ ಓಡುತ್ತವೆ. ಸಾಮಾನ್ಯ ತಂತ್ರಾಂಶ ಎಡವಿದರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಕರ್ನಲ್ ಡ್ರೈವರ್ ಎಡವಿದರೆ ಇಡೀ ಕಂಪ್ಯೂಟರ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ಕರ್ನಲ್ ಡ್ರೈವರ್‌ಗೆ ಬಂದ ದೋಷಪೂರಿತ ಕಡತವೊಂದು, ಮೈಕ್ರೋಸಾಫ್ಟ್ ಕೊಟ್ಟ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ವಿಮಾನ ನಿಲ್ದಾಣಗಳು, ಬ್ಯಾಂಕುಗಳು ಅಂದು ಪಟ್ಟ ಪಾಡೇ ಡ್ರೈವರ್ ಕೈಯಲ್ಲಿ ಎಷ್ಟು ಅಧಿಕಾರವಿದೆ ಎಂಬುದಕ್ಕೆ ಸಾಕ್ಷಿ.

ಈ ತೊಡಕು ಎಲ್ಲ ಬಗೆಯ ತಂತ್ರಾಂಶಗಳಿಗೂ ಬರುತ್ತದೆ. ಆದರೆ ಹಣಕಾಸಿನ ತಂತ್ರಾಂಶದ ಸ್ಥಿತಿ ಬೇರೆ. ಆಟದ ತಂತ್ರಾಂಶ ಕೆಟ್ಟರೆ ಇನ್ನೊಂದು ಹಾಕಿಕೊಳ್ಳಬಹುದು. ಹದಿನೈದು-ಇಪ್ಪತ್ತು ವರ್ಷ ಒಂದೇ ಕಡತದಲ್ಲಿ ಕೂಡಿಟ್ಟ ಲೆಕ್ಕವನ್ನು ಹಾಗೆ ಬದಲಿಸಲಾಗದು. ಹಾಗಾಗಿ ಜನ ಹಳೆಯ ಆವೃತ್ತಿಯನ್ನೇ ನೆಚ್ಚಿಕೊಂಡಿರುತ್ತಾರೆ. ಸುತ್ತಲಿನ ಕಂಪ್ಯೂಟರ್ ಮಾತ್ರ ಮೂರು-ನಾಲ್ಕು ಸಲ ಬದಲಾಗಿರುತ್ತದೆ. ಹಳೆಯ ತಂತ್ರಾಂಶಕ್ಕೂ ಹೊಸ ಯಂತ್ರಕ್ಕೂ ಮಧ್ಯದ ಈ ಅಂತರದಲ್ಲೇ ಹೆಚ್ಚಿನ ತೊಂದರೆಗಳು ಹುಟ್ಟುವುದು.

ಹಿನ್ನೆಲೆ

ಸ್ಕಾಟ್ ಕುಕ್ ಮತ್ತು ಟಾಮ್ ಪ್ರೂ 1983ರಲ್ಲಿ ಇಂಟ್ಯೂಟ್ ಕಂಪನಿ ಕಟ್ಟಿ ಕ್ವಿಕನ್ ರೂಪಿಸಿದಾಗ ಅಮೆರಿಕದ ಮನೆಗಳಲ್ಲಿ ತಿಂಗಳ ಬಿಲ್ಲುಗಳನ್ನೆಲ್ಲ ಚೆಕ್ ಬರೆದು ತೀರಿಸುತ್ತಿದ್ದರು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಚೆಕ್ ಹಾಳೆ ಒಂದು ಗೆರೆ ಮೇಲೆ ಅಥವಾ ಕೆಳಗೆ ಸರಿದರೂ ಮೊತ್ತ ತಪ್ಪು ಜಾಗದಲ್ಲಿ ಬೀಳುತ್ತಿತ್ತು. ಮನೆಲೆಕ್ಕದ ತಂತ್ರಾಂಶಕ್ಕೂ ಪ್ರಿಂಟರಿಗೂ ಇರುವ ಜಗಳ ಅಷ್ಟು ಹಳೆಯದು. ಡಾಸ್ ಕಾಲದಲ್ಲಿ ಡ್ರೈವರ್ ಒದಗಿಸುವ ಹೊಣೆಯೂ ತಂತ್ರಾಂಶದ್ದೇ: ಪ್ರತಿಯೊಂದು ತಂತ್ರಾಂಶ ತನಗೆ ಗೊತ್ತಿರುವ ಪ್ರಿಂಟರುಗಳ ಪಟ್ಟಿಯನ್ನು ಜತೆಗೇ ಹೊತ್ತು ತರುತ್ತಿತ್ತು. ವಿಂಡೋಸ್ ಬಂದ ಮೇಲೆ ಆ ಹೊಣೆ ಸಾಧನ ತಯಾರಕರ ಹೆಗಲಿಗೆ ಬಿತ್ತು.

ಯಂತ್ರವೇ ಲೆಕ್ಕ ತಪ್ಪಿದ ಪ್ರಸಂಗವೂ ಇದೆ. ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ 1994ರಲ್ಲಿ ಇಂಟೆಲ್‌ನ ಪೆಂಟಿಯಮ್ ಚಿಪ್ಪಿನ ಭಾಗಾಕಾರದಲ್ಲಿ ದೋಷವಿದೆ ಎಂದು ತೋರಿಸಿಕೊಟ್ಟರು. 41,95,835ನ್ನು 31,45,727ರಿಂದ ಭಾಗಿಸಿ, ಬಂದ ಉತ್ತರವನ್ನು ಮತ್ತೆ 31,45,727ರಿಂದ ಗುಣಿಸಿ ಮೊದಲ ಸಂಖ್ಯೆಯಿಂದ ಕಳೆದರೆ ಸೊನ್ನೆ ಬರಬೇಕು; ದೋಷವಿದ್ದ ಚಿಪ್ಪಿನಲ್ಲಿ 256 ಬರುತ್ತಿತ್ತು. ಎಕ್ಸೆಲ್ ತೆರೆದು ಯಾರು ಬೇಕಾದರೂ ಇದನ್ನು ಪರೀಕ್ಷಿಸಬಹುದಿತ್ತು, ಸಾವಿರಾರು ಜನ ಪರೀಕ್ಷಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಇಂಟೆಲ್ ಕೇಳಿದವರಿಗೆಲ್ಲ ಚಿಪ್ ಬದಲಿಸಿಕೊಡಲು ಒಪ್ಪಿತು. ಅದಕ್ಕಾಗಿ ಎತ್ತಿಟ್ಟ ಹಣ 47.5 ಕೋಟಿ ಡಾಲರ್. ಮನೆಯ ಖರ್ಚು-ವೆಚ್ಚದ ಲೆಕ್ಕದಲ್ಲಿ ಈ ದೋಷ ಎದುರಾಗುವ ಸಂಭವ ತೀರಾ ಕಡಿಮೆಯಿತ್ತು. ಆದರೆ ಕೂಡುವ-ಕಳೆಯುವ ಯಂತ್ರವನ್ನು ಕಣ್ಣು ಮುಚ್ಚಿ ನಂಬುವ ಕಾಲ ಅಲ್ಲಿಗೆ ಮುಗಿಯಿತು.

ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಡಾಸ್ ತಂತ್ರಾಂಶಗಳಿಗೆ ತೊಂಬತ್ತರ ದಶಕದ ಕೊನೆಯಲ್ಲಿ ಬಂದ ಆಪತ್ತು ಇನ್ನೊಂದು ಬಗೆಯದು. ತೆರೆದ ಕ್ಷಣವೇ ‘ರನ್‌ಟೈಮ್ ಎರರ್ 200’ ಎಂದು ಹೇಳಿ ಅವು ಮುಚ್ಚಿಕೊಳ್ಳುತ್ತಿದ್ದವು. ಪ್ರೊಸೆಸರಿನ ವೇಗ ಅಳೆಯಲು ಅವು ಮೊದಲಿಗೇ ಒಂದು ಭಾಗಾಕಾರ ಮಾಡುತ್ತಿದ್ದವು. ಸುಮಾರು 200 ಮೆಗಾಹರ್ಟ್ಸ್ ದಾಟಿದ ಚಿಪ್ಪುಗಳಲ್ಲಿ ಅದರ ಉತ್ತರ ಮೀಸಲಿಟ್ಟ ಜಾಗದಲ್ಲಿ ಹಿಡಿಸುತ್ತಿರಲಿಲ್ಲ. ಕಂಪ್ಯೂಟರ್ ವೇಗವಾದದ್ದೇ ತಪ್ಪಾಯಿತು.

ಮುಂದೆ ಕಾರ್ಯಾಚರಣ ವ್ಯವಸ್ಥೆಗಳು ಹಳೆಯದನ್ನು ಒಂದೊಂದಾಗಿ ಕೈಬಿಟ್ಟವು. 2007ರಲ್ಲಿ ಬಂದ ವಿಂಡೋಸ್ ವಿಸ್ಟಾ ಪ್ರದರ್ಶನ ಡ್ರೈವರ್‌ಗಳ ಮಾದರಿಯನ್ನೇ ಬದಲಿಸಿತು; ಅದರ 64 ಬಿಟ್ ಆವೃತ್ತಿ ಡಿಜಿಟಲ್ ಸಹಿಯಿಲ್ಲದ ಕರ್ನಲ್ ಡ್ರೈವರ್‌ಗಳನ್ನು ಒಳಗೆ ಬಿಡಲಿಲ್ಲ. 16 ಬಿಟ್ ತಂತ್ರಾಂಶಗಳಿಗಂತೂ 64 ಬಿಟ್ ವಿಂಡೋಸ್‌ನಲ್ಲಿ ಜಾಗವೇ ಇಲ್ಲ. ಆಪಲ್ ಕಂಪನಿ ಮ್ಯಾಕ್ ವ್ಯವಸ್ಥೆಯ 2011ರ ಲಯನ್ ಆವೃತ್ತಿಯಲ್ಲಿ ಪವರ್‌ಪಿಸಿ ಚಿಪ್ಪಿನ ತಂತ್ರಾಂಶಗಳನ್ನು ನಡೆಸುತ್ತಿದ್ದ ರೊಸೆಟಾವನ್ನು ತೆಗೆದಾಗ ಮ್ಯಾಕ್‌ನ ಕ್ವಿಕನ್ 2007 ನಿಂತುಹೋಯಿತು. ಬಳಕೆದಾರರ ಒತ್ತಾಯಕ್ಕೆ ಮಣಿದ ಇಂಟ್ಯೂಟ್ 2012ರಲ್ಲಿ ಅದೇ ಹಳೆಯ ತಂತ್ರಾಂಶವನ್ನು ಲಯನ್‌ಗೆ ಹೊಂದಿಸಿ ಮತ್ತೆ ಮಾರಬೇಕಾಯಿತು. 2019ರ ಮ್ಯಾಕ್ ಆವೃತ್ತಿಯಾದ ಕ್ಯಾಟಲಿನಾ 32 ಬಿಟ್ ತಂತ್ರಾಂಶಗಳನ್ನೆಲ್ಲ ಬದಿಗೆ ಸರಿಸಿತು. ಮೈಕ್ರೋಸಾಫ್ಟ್ 2009ರಲ್ಲಿ ಮನಿ ತಂತ್ರಾಂಶದ ಮಾರಾಟ ನಿಲ್ಲಿಸಿ, ಬಳಿಕ ‘ಸನ್‌ಸೆಟ್’ ಹೆಸರಿನ ಉಚಿತ ಆವೃತ್ತಿ ಕೊಟ್ಟು ಕೈತೊಳೆದುಕೊಂಡಿತು. ಅದನ್ನು ಇಂದಿಗೂ ಬಿಡದವರಿದ್ದಾರೆ. ಅವರ ಹಟದಲ್ಲಿ ಅರ್ಥವಿದೆ: ಇಷ್ಟು ವರ್ಷಗಳ ಲೆಕ್ಕವನ್ನು ಒಂದೂ ಅಂಕಿ ತಪ್ಪದಂತೆ ಬೇರೆಡೆಗೆ ಸಾಗಿಸುವ ದಾರಿಯನ್ನು ಯಾರೂ ಸರಿಯಾಗಿ ಮಾಡಿಕೊಟ್ಟಿಲ್ಲ.

ಪ್ರಿಂಟರ್

ಇಂದಿಗೂ ಹೆಚ್ಚು ತಂಟೆ ಕೊಡುವ ಸಾಧನ ಪ್ರಿಂಟರ್, ಅದೂ ಮುದ್ರಿಸದೇ ಇರುವಾಗ. ವಿಂಡೋಸ್‌ನ ಅನೇಕ ಲೆಕ್ಕದ ತಂತ್ರಾಂಶಗಳು ವರದಿಯನ್ನು ಪರದೆಯ ಮೇಲೆ ತೋರಿಸುವ ಮೊದಲೇ ಡೀಫಾಲ್ಟ್ ಪ್ರಿಂಟರಿನ ಡ್ರೈವರನ್ನು ವಿಚಾರಿಸುತ್ತವೆ: ಹಾಳೆಯ ಅಳತೆ ಎಷ್ಟು, ಅಂಚು ಎಷ್ಟು, ಈ ಫಾಂಟಿನ ಅಕ್ಷರ ಎಷ್ಟು ಅಗಲ ಎಂದು. ಆ ಪ್ರಿಂಟರ್ ಹಳೆಯ ಕಚೇರಿಯ ನೆಟ್‌ವರ್ಕಿನಲ್ಲಿ ಉಳಿದಿದ್ದರೆ, ಆಫ್ ಆಗಿದ್ದರೆ, ಡ್ರೈವರ್ ಕೆಟ್ಟಿದ್ದರೆ ಉತ್ತರ ಬರುವುದಿಲ್ಲ. ಬಳಕೆದಾರರಿಗೆ ಕಾಣುವುದು ಇಷ್ಟೇ: ಖಾತೆ ತೆರೆಯುತ್ತದೆ, ನಮೂದು ಮಾಡಬಹುದು, ವರದಿ ಒತ್ತಿದರೆ ತಂತ್ರಾಂಶ ಮರಗಟ್ಟುತ್ತದೆ. ಲೆಕ್ಕದ ಕಡತವೇ ಕೆಟ್ಟಿದೆ ಎಂದು ಅವರು ಹೆದರುವುದು ಸಹಜ.

ಇದರ ಪರೀಕ್ಷೆ ಸುಲಭ. ವಿಂಡೋಸ್ 10ರಿಂದ ಜತೆಗೇ ಬರುವ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಅನ್ನು ಡೀಫಾಲ್ಟ್ ಮಾಡಿ, ತಂತ್ರಾಂಶವನ್ನು ಮುಚ್ಚಿ ತೆರೆದು ಅದೇ ವರದಿ ಒತ್ತಬೇಕು. ತೆರೆದುಕೊಂಡರೆ ಕಡತ ಚೆನ್ನಾಗಿದೆ, ತೊಂದರೆ ಪ್ರಿಂಟರ್ ಡ್ರೈವರಿನದು. ಕೊನೆಗೆ ಬಳಸಿದ ಪ್ರಿಂಟರನ್ನೇ ಡೀಫಾಲ್ಟ್ ಮಾಡುವ ಸೌಲಭ್ಯವೊಂದು ವಿಂಡೋಸ್ 10ಕ್ಕೆ 2015ರ ಕೊನೆಯಲ್ಲಿ ಸೇರಿತು. ನಿನ್ನೆ ಸರಿಯಿದ್ದದ್ದು ಇಂದು ಕೆಡಲು ಅದೂ ಕಾರಣವಾಗಬಹುದು. ಲೆಕ್ಕದ ಕಂಪ್ಯೂಟರಿನಲ್ಲಿ ಅದನ್ನು ಆಫ್ ಮಾಡಿಡುವುದೇ ಮೇಲು.

2021ರ ಮಾರ್ಚ್ 9ರಂದು ಬಂದ ವಿಂಡೋಸ್ 10ರ ಮಾಸಿಕ ಅಪ್‌ಡೇಟ್ ಈ ವರ್ಗದ ತೊಡಕಿಗೆ ಚೆನ್ನಾದ ನಿದರ್ಶನ. ಕ್ಯೋಸೆರಾ, ರೀಕೋ, ಜೀಬ್ರಾ ಮೊದಲಾದ ಕೆಲವು ಪ್ರಿಂಟರುಗಳಿಗೆ ಮುದ್ರಣ ಕಳಿಸಿದರೆ ‘ಎಪಿಸಿ ಇಂಡೆಕ್ಸ್ ಮಿಸ್‌ಮ್ಯಾಚ್’ ಎಂಬ ನೀಲಿ ಪರದೆ ಬಂದು ಕಂಪ್ಯೂಟರ್ ಬೀಳುತ್ತಿತ್ತು. ಯಾವ ತಂತ್ರಾಂಶದಿಂದ ಮುದ್ರಿಸುತ್ತೀರಿ ಎಂಬುದು ಮುಖ್ಯವಾಗಿರಲೇ ಇಲ್ಲ. ವಾರದೊಳಗೆ ಮೈಕ್ರೋಸಾಫ್ಟ್ ತುರ್ತು ಪರಿಹಾರ ಕೊಟ್ಟಿತು. ಅದೇ ವರ್ಷದ ಜೂನ್ ಕೊನೆಯಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ಭದ್ರತಾ ಲೋಪ ಬಯಲಾಯಿತು; ಆಗಸ್ಟಿನ ಅಪ್‌ಡೇಟಿನ ನಂತರ ನೆಟ್‌ವರ್ಕ್ ಪ್ರಿಂಟರಿನ ಡ್ರೈವರ್ ಹಾಕಿಕೊಳ್ಳಲು ಅಡ್ಮಿನಿಸ್ಟ್ರೇಟರ್ ಅನುಮತಿ ಕಡ್ಡಾಯವಾಯಿತು. ಮಾರ್ಚಿನದು ದೋಷ, ಆಗಸ್ಟಿನದು ಬೇಕೆಂದೇ ಮಾಡಿದ ಬಿಗಿ. ಎರಡಕ್ಕೂ ಒಂದೇ ಮದ್ದು ಹುಡುಕಿದವರು ಸುಮ್ಮನೆ ಕಾಲ ಕಳೆದರು.

ಕನ್ನಡದಲ್ಲಿ ಬಿಲ್ಲು, ರಸೀದಿ, ಖಾತೆ ಪಟ್ಟಿ ಮುದ್ರಿಸುವವರಿಗೆ ಇನ್ನೊಂದು ತೊಡಕಿದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ವೇಗದ ಡ್ರಾಫ್ಟ್ ವಿಧಾನದಲ್ಲಿ ಹೋಗುವುದು ಅಕ್ಷರಗಳ ಸಂಕೇತ ಮಾತ್ರ; ಅಕ್ಷರದ ಆಕಾರ ಪ್ರಿಂಟರಿನ ಒಳಗಿನ ಫಾಂಟಿನಲ್ಲಿರಬೇಕು. ಅಲ್ಲಿ ಕನ್ನಡವಿಲ್ಲದಿದ್ದರೆ ಹಾಳೆಯ ಮೇಲೆ ಪ್ರಶ್ನೆಚಿಹ್ನೆಗಳೋ ಗೋಜಲೋ ಬೀಳುತ್ತವೆ. ಪರದೆಯಲ್ಲಿ ಚೆನ್ನಾಗಿ ಕಂಡ ‘ಶ್ರೀ’ ಕಾಗದದಲ್ಲಿ ಕಾಣೆಯಾಗುವುದು ಹೀಗೆ. ಟ್ಯಾಲಿಯಲ್ಲಿ ‘ನೀಟ್’ ವಿಧಾನ ಆರಿಸಿಕೊಂಡರೆ ಪುಟ ವಿಂಡೋಸ್ ಡ್ರೈವರಿನ ಮೂಲಕ ಚಿತ್ರವಾಗಿ ಹೋಗುತ್ತದೆ, ಕನ್ನಡವೂ ಮೂಡುತ್ತದೆ. ಮುದ್ರಣ ನಿಧಾನವಾಗುತ್ತದೆ, ರಿಬ್ಬನ್ ಬೇಗ ಸವೆಯುತ್ತದೆ. ನುಡಿಯಂಥ ಹಳೆಯ ಎನ್‌ಕೋಡಿಂಗಿನ ಫಾಂಟುಗಳಲ್ಲಿ ಬೆರಳಚ್ಚಿಸಿದ ಹೆಸರುಗಳು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಅಲ್ಲಿ ಡ್ರೈವರ್ ಬದಲಿಸಿ ಉಪಯೋಗವಿಲ್ಲ, ಯೂನಿಕೋಡಿಗೆ ಪರಿವರ್ತಿಸಲೇಬೇಕು.

ಪರದೆ

ಹೊಸ ಲ್ಯಾಪ್‌ಟಾಪಿನ ಒತ್ತಾದ ಪರದೆಯಲ್ಲಿ ಹಳೆಯ ತಂತ್ರಾಂಶದ ಅಕ್ಷರಗಳು ಮಸುಕಾಗುವುದು, ಗುಂಡಿಗಳು ಕಿಟಕಿಯಿಂದಾಚೆ ಹೋಗುವುದು ಸಾಮಾನ್ಯ ದೂರು. ಇದು ಡ್ರೈವರ್ ದೋಷವಲ್ಲ. ತಂತ್ರಾಂಶ ಬರೆದ ಕಾಲದಲ್ಲಿ ಅಂಥ ಪರದೆ ಇರಲಿಲ್ಲ. ತಂತ್ರಾಂಶದ ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ವಿಭಾಗದಲ್ಲಿ ಹೈ ಡಿಪಿಐ ಹೊಂದಾಣಿಕೆಯನ್ನು ಬದಲಿಸಿದರೆ ಹೆಚ್ಚಿನವು ಸರಿಹೋಗುತ್ತವೆ. ವಿಂಡೋಸ್ 10ಕ್ಕೆ 2017ರಲ್ಲಿ ಸೇರಿದ ‘ಸಿಸ್ಟಮ್ ಎನ್‌ಹಾನ್ಸ್ಡ್’ ಆಯ್ಕೆ ಇಂಥವಕ್ಕೆಂದೇ ಮಾಡಿದ್ದು. ಮನಿಡ್ಯಾನ್ಸ್‌ನಂಥ ಜಾವಾ ತಂತ್ರಾಂಶಗಳಲ್ಲಿ ಸಾಲುಗಳು ಕಪ್ಪಾಗುವುದು, ಹರಿದಂತೆ ಕಾಣುವುದು ಮಾತ್ರ ಗ್ರಾಫಿಕ್ಸ್ ಡ್ರೈವರಿನ ಗುಣ. ಜಾವಾ ಡೈರೆಕ್ಟ್3ಡಿ ಬಳಸದಂತೆ ತಡೆದರೆ ನಿಲ್ಲುತ್ತದೆ.

ಬೀಗ, ಟೋಕನ್, ಸಹಿ

ಬೆಂಗಳೂರಿನ ಟ್ಯಾಲಿ ಸೊಲ್ಯೂಷನ್ಸ್, 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾದ ಕಂಪನಿ. ಅದರ ತಂತ್ರಾಂಶದ ಪರವಾನಗಿ ಕಂಪ್ಯೂಟರಿನ ಗುರುತಿಗೆ ಅಂಟಿಕೊಂಡಿರುತ್ತದೆ. ಮದರ್‌ಬೋರ್ಡ್ ಬದಲಿಸಿದರೆ, ಡಿಸ್ಕ್ ಫಾರ್ಮ್ಯಾಟ್ ಮಾಡಿದರೆ ಆ ಗುರುತು ಹೊಂದದೆ ತಂತ್ರಾಂಶ ಎಜುಕೇಷನಲ್ ಮೋಡ್ ಎಂಬ ಸೀಮಿತ ಬಳಕೆಯ ಸ್ಥಿತಿಗೆ ಇಳಿಯುತ್ತದೆ. ಲೆಕ್ಕ ಹಾಳಾಗಿರುವುದಿಲ್ಲ. ದುರಸ್ತಿಗೆ ಕೊಡುವ ಮುನ್ನವೇ ಪರವಾನಗಿಯನ್ನು ಸರೆಂಡರ್ ಮಾಡಿ, ಆಮೇಲೆ ಹೊಸದಾಗಿ ಸಕ್ರಿಯಗೊಳಿಸಿದರೆ ಈ ಗೋಳಿಲ್ಲ.

ಡಿಜಿಟಲ್ ಸಹಿಯ ಟೋಕನ್ ಕಥೆ ದೊಡ್ಡದು. ಸಂಬಳದಾರರಿಗೆ ಆದಾಯ ತೆರಿಗೆ ವಿವರ ದೃಢೀಕರಿಸಲು ಆಧಾರ್ ಒಟಿಪಿ ಸಾಕು. ಕಂಪನಿಗಳಿಗೂ ಆಡಿಟರುಗಳಿಗೂ ಡಿಜಿಟಲ್ ಸಹಿ ಬೇಕೇ ಬೇಕು. 2021ರ ಜನವರಿಯಿಂದ 2ನೇ ದರ್ಜೆಯ ಪ್ರಮಾಣಪತ್ರ ನಿಂತು 3ನೇ ದರ್ಜೆ ಮಾತ್ರ ಉಳಿದಿದೆ. ಸಹಿಯ ಗುಟ್ಟಿನ ಕೀಲಿ ಇರುವುದು ಪೆನ್‌ಡ್ರೈವಿನಂತೆ ಕಾಣುವ ಇಪಾಸ್ 2003, ಪ್ರಾಕ್ಸ್‌ಕೀ, ಎಂಟೋಕನ್ ಮೊದಲಾದ ಟೋಕನ್‌ಗಳೊಳಗೆ. ವಾಸ್ತವದಲ್ಲಿ ಅದೊಂದು ಸ್ಮಾರ್ಟ್‌ಕಾರ್ಡ್. ಅದರದೇ ಡ್ರೈವರ್ ಬೇಕು. ಅದರ ಮೇಲೆ ವೆಬ್ ತಾಣಕ್ಕೂ ಟೋಕನ್ನಿಗೂ ನಡುವೆ ಇನ್ನೊಂದು ಸಹಿ ತಂತ್ರಾಂಶ ಬೇಕು: ಜಿಎಸ್‌ಟಿಗೆ ಎಂಸೈನರ್, ಆದಾಯ ತೆರಿಗೆಗೆ ಎಂಬ್ರಿಜ್. ಹಿಂದೆ ಇದೇ ಕೆಲಸವನ್ನು ಬ್ರೌಸರಿನೊಳಗಿನ ಜಾವಾ ಆಪ್ಲೆಟ್ ಮಾಡುತ್ತಿತ್ತು. 2015ರಲ್ಲಿ ಕ್ರೋಮ್ ಅದಕ್ಕೆ ಬಾಗಿಲು ಮುಚ್ಚಿದ ಮೇಲೆ ಈ ಏರ್ಪಾಡು ಬಂತು.

ಹೀಗಾಗಿ ‘ಸರ್ಟಿಫಿಕೇಟ್ ಕಾಣುತ್ತಿಲ್ಲ’ ಎಂಬ ಒಂದೇ ದೂರಿಗೆ ನಾಲ್ಕು ಪದರಗಳಲ್ಲಿ ಕಾರಣ ಹುಡುಕಬೇಕು. ಡಿವೈಸ್ ಮ್ಯಾನೇಜರಿನಲ್ಲಿ ಸ್ಮಾರ್ಟ್‌ಕಾರ್ಡ್ ರೀಡರ್ ಕಂಡರೆ ಯುಎಸ್‌ಬಿ ಪೋರ್ಟ್ ಸರಿಯಿದೆ. ಟೋಕನ್ನಿನ ಸ್ವಂತ ಕಿಟಕಿ ತೆರೆದು ಪಿನ್ ಕೊಟ್ಟಾಗ ಪ್ರಮಾಣಪತ್ರ ಕಂಡರೆ ಡ್ರೈವರ್ ಸರಿಯಿದೆ. ವಿಂಡೋಸ್ ಪ್ರಮಾಣಪತ್ರಗಳ ಪಟ್ಟಿಯಲ್ಲೂ ಕಂಡರೆ ವಿಂಡೋಸ್‌ಗೆ ಅದು ಗೊತ್ತಾಗಿದೆ. ಆಮೇಲೂ ತಾಣದಲ್ಲಿ ಕಾಣದಿದ್ದರೆ ಸಹಿ ತಂತ್ರಾಂಶ ಓಡುತ್ತಿಲ್ಲ, ಇಲ್ಲವೇ ಅದರ ನೆಟ್‌ವರ್ಕ್ ಪೋರ್ಟನ್ನು ಬೇರೆ ತಂತ್ರಾಂಶವೋ ಆಂಟಿವೈರಸ್ಸೋ ಹಿಡಿದುಕೊಂಡಿದೆ. ಎಂಸೈನರ್ ಬಳಸುವುದು 1585ನೇ ಪೋರ್ಟ್. ಎರಡು ಕಂಪನಿಗಳ ಟೋಕನ್ ತಂತ್ರಾಂಶ ಒಂದೇ ಕಂಪ್ಯೂಟರಿನಲ್ಲಿದ್ದು ಒಂದನ್ನೊಂದು ಅಡ್ಡಗಟ್ಟುವುದೂ ಉಂಟು. ಅಂದಾಜಿನ ಮೇಲೆ ಪಿನ್ ಒತ್ತುತ್ತಾ ಹೋಗಬಾರದು: ಮಿತಿ ಮೀರಿದರೆ ಟೋಕನ್ ಬೀಗ ಹಾಕಿಕೊಳ್ಳುತ್ತದೆ.

ಇನ್ನೊಂದು ಬಲೆ ರಿಮೋಟ್ ಡೆಸ್ಕ್‌ಟಾಪಿನದು. ಕಚೇರಿಯ ಕಂಪ್ಯೂಟರಿಗೆ ಟೋಕನ್ ಸಿಕ್ಕಿಸಿ ಬಂದು, ಮನೆಯಿಂದ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಸಹಿ ಮಾಡಲು ಹೋದರೆ ಟೋಕನ್ ಕಾಣುವುದೇ ಇಲ್ಲ. ಆ ವಿಧಾನದಲ್ಲಿ ವಿಂಡೋಸ್ ನೋಡುವುದು ನೀವು ಕುಳಿತ ಕಂಪ್ಯೂಟರಿನ ಸ್ಮಾರ್ಟ್‌ಕಾರ್ಡನ್ನು, ದೂರದ ಕಂಪ್ಯೂಟರಿನದನ್ನಲ್ಲ. ಡ್ರೈವರನ್ನು ಎಷ್ಟು ಸಲ ಹಾಕಿ ತೆಗೆದರೂ ಇದು ಬದಲಾಗದು. ಆರ್ಮ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್ ಅಥವಾ ಹೊಸ ಮ್ಯಾಕ್ ಕೊಳ್ಳುವವರೂ ಎಚ್ಚರ ವಹಿಸಬೇಕು. ಇಂಟೆಲ್ ಚಿಪ್ಪಿಗೆ ಬರೆದ ತಂತ್ರಾಂಶವನ್ನು ಆರ್ಮ್ ವಿಂಡೋಸ್ ಅನುಕರಿಸಿ ನಡೆಸಬಲ್ಲದು. ಕರ್ನಲ್ ಡ್ರೈವರನ್ನು ಅಲ್ಲ.

ಡಿಸ್ಕ್, ಮೆಮೊರಿ, ಗಡಿಯಾರ

ಪ್ರಿಂಟರ್ ಕೆಟ್ಟರೆ ಕೂಡಲೇ ಗೊತ್ತಾಗುತ್ತದೆ. ಡಿಸ್ಕ್ ಅಥವಾ ರ್‍ಯಾಮ್ ಹಾಳಾಗುತ್ತಿದ್ದರೆ ತಿಂಗಳುಗಟ್ಟಲೆ ತಿಳಿಯದಿರಬಹುದು, ಆದ್ದರಿಂದ ಇದೇ ನಿಜವಾಗಿ ಭಯಪಡಬೇಕಾದ ಭಾಗ. ಬರೆಯುತ್ತಿರುವಾಗಲೇ ಕರೆಂಟ್ ಹೋಗುವುದು, ಪೆನ್‌ಡ್ರೈವಿನಲ್ಲೇ ಲೆಕ್ಕದ ಕಡತ ಇಟ್ಟುಕೊಂಡು ಕಿತ್ತುಬಿಡುವುದು, ಒನ್‌ಡ್ರೈವ್ ಸಿಂಕ್ ಮಾಡುತ್ತಿರುವ ಫೋಲ್ಡರಿನಲ್ಲೇ ಕಡತ ತೆರೆದಿಡುವುದು ಇವು ಕಡತ ಕೆಡುವ ಸಾಮಾನ್ಯ ದಾರಿಗಳು. ಟ್ಯಾಲಿ ತೋರಿಸುವ ‘ಮೆಮೊರಿ ಆಕ್ಸೆಸ್ ವಯೊಲೇಷನ್’ ಸಂದೇಶದ ಹಿಂದೆ ಕೆಟ್ಟ ಕಡತವೂ ಇರಬಹುದು, ಕೆಟ್ಟ ರ್‍ಯಾಮ್ ಕೂಡ ಇರಬಹುದು. ಅದೇ ಬ್ಯಾಕಪ್ಪನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಕ್ವಿಕನ್‌ನ ವ್ಯಾಲಿಡೇಟ್, ಟ್ಯಾಲಿಯ ರೀರೈಟ್ ದುರಸ್ತಿಗಳನ್ನು ಮೂಲ ಕಡತದ ಮೇಲೆ ನೇರವಾಗಿ ನಡೆಸಬಾರದು. ರ್‍ಯಾಮ್ ಕೆಟ್ಟಿರುವಾಗ ನಡೆಸಿದರೆ ದುರಸ್ತಿಯೇ ಹಾನಿ ಮಾಡುತ್ತದೆ.

ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ 3 ವೋಲ್ಟ್ ಸೆಲ್ ಖಾಲಿಯಾದರೆ ಗಡಿಯಾರ ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದೊಡನೆ ಬ್ಯಾಂಕ್ ತಾಣಗಳ ಭದ್ರತಾ ಪ್ರಮಾಣಪತ್ರ ಅಮಾನ್ಯವೆಂದು ಕಂಡು ಸಂಪರ್ಕ ಕಡಿಯುತ್ತದೆ, ಹೊಸ ನಮೂದುಗಳು ಹಳೆಯ ವರ್ಷಕ್ಕೆ ಬೀಳುತ್ತವೆ. ಬ್ಯಾಂಕಿಗೆ ಫೋನ್ ಮಾಡುವ ಮೊದಲು ಪರದೆಯ ಮೂಲೆಯ ತಾರೀಖು ನೋಡಬೇಕು.

ಪತ್ತೆ ಮಾಡುವ ಕ್ರಮ

ಮೊದಲು ಬ್ಯಾಕಪ್, ಅದೂ ಹಳೆಯ ಬ್ಯಾಕಪ್ಪಿನ ಮೇಲೆ ಬರೆಯದೆ ಬೇರೆ ಹೆಸರಿನಲ್ಲಿ. ಆಮೇಲೆ ಕೇಳಬೇಕಾದ ಪ್ರಶ್ನೆ: ತೊಂದರೆ ಶುರುವಾಗುವ ಹಿಂದಿನ ದಿನ ಏನು ಬದಲಾಯಿತು? ವಿಂಡೋಸ್‌ನ ಅಪ್‌ಡೇಟ್ ಇತಿಹಾಸ ಮತ್ತು ರಿಲಯಬಿಲಿಟಿ ಮಾನಿಟರ್ ದಿನವಾರು ಉತ್ತರ ಕೊಡುತ್ತವೆ. ಈವೆಂಟ್ ವ್ಯೂವರಿನಲ್ಲಿ ತಂತ್ರಾಂಶ ಬಿದ್ದ ಹೊತ್ತಿನ ನಮೂದು ತೆರೆದರೆ ‘ಫಾಲ್ಟಿಂಗ್ ಮಾಡ್ಯೂಲ್’ ಎಂಬ ಸಾಲಿರುತ್ತದೆ. ಅಲ್ಲಿನ ಕಡತದ ಹೆಸರು ಐಜಿ ಎಂದು ಶುರುವಾದರೆ ಇಂಟೆಲ್ ಗ್ರಾಫಿಕ್ಸ್ ಕಡೆಗೂ ಎನ್‌ವಿ ಎಂದಿದ್ದರೆ ಎನ್‌ವಿಡಿಯಾ ಕಡೆಗೂ ಸಾಮಾನ್ಯವಾಗಿ ಬೊಟ್ಟು ಮಾಡುತ್ತದೆ. ಎನ್‌ಟಿಡಿಎಲ್‌ಎಲ್ ಎಂದು ಬಂದರೆ ಅದೊಂದರಿಂದ ಏನನ್ನೂ ತೀರ್ಮಾನಿಸಲಾಗದು.

ಡಿವೈಸ್ ಮ್ಯಾನೇಜರಿನ ಹಳದಿ ಗುರುತಿನ ಪಕ್ಕದ ಸಂಖ್ಯೆಗೂ ಅರ್ಥವಿದೆ: 28 ಎಂದರೆ ಡ್ರೈವರ್ ಇಲ್ಲ, 10 ಎಂದರೆ ಸಾಧನ ಶುರುವಾಗಲಿಲ್ಲ, 43 ಎಂದರೆ ಸಾಧನವೇ ದೋಷ ವರದಿ ಮಾಡಿದೆ, 52 ಎಂದರೆ ಡ್ರೈವರಿನ ಸಹಿ ಒಪ್ಪಿಗೆಯಾಗಿಲ್ಲ. ವಿಂಡೋಸ್ 11ರ ‘ಮೆಮೊರಿ ಇಂಟಿಗ್ರಿಟಿ’ ರಕ್ಷಣೆಯೂ ಹಳೆಯ ಡ್ರೈವರ್‌ಗಳನ್ನು ತಡೆಯುತ್ತದೆ. ಹಳೆಯ ಟೋಕನ್ ಒಂದಕ್ಕಾಗಿ ಆ ರಕ್ಷಣೆಯನ್ನು ಕಾಯಂ ಆಗಿ ತೆಗೆದುಹಾಕುವುದು ಹಣಕಾಸಿನ ಕಂಪ್ಯೂಟರಿನಲ್ಲಿ ತಕ್ಕದ್ದಲ್ಲ.

ಸೇಫ್ ಮೋಡಿನಲ್ಲಿ ವಿಂಡೋಸ್ ಮೂಲ ಪ್ರದರ್ಶನ ಡ್ರೈವರ್ ಸೇರಿ ಅತ್ಯಗತ್ಯ ಡ್ರೈವರ್‌ಗಳನ್ನು ಮಾತ್ರ ಹಾಕಿಕೊಂಡು ಏಳುತ್ತದೆ. ತಂತ್ರಾಂಶ ಅಲ್ಲಿ ಸರಿಯಾಗಿ ನಡೆದರೆ ಹೊರಗಿನ ಡ್ರೈವರ್ ಅಥವಾ ಹಿನ್ನೆಲೆಯ ಸೇವೆಯ ಮೇಲೆ ಅನುಮಾನ ಬಲವಾಗುತ್ತದೆ. ಅಲ್ಲಿಂದ ಮುಂದೆ ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದರ ನಂತರ ಪರೀಕ್ಷೆ. ಮೂರನ್ನು ಒಟ್ಟಿಗೆ ಬದಲಿಸಿ ಸರಿಹೋದರೂ ಕಾರಣ ತಿಳಿಯದು, ಮುಂದಿನ ಅಪ್‌ಡೇಟಿನಲ್ಲಿ ಅದೇ ತೊಂದರೆ ಮರಳುತ್ತದೆ. ಹೊಸ ಡ್ರೈವರಿನಿಂದ ಕೆಟ್ಟಿದ್ದರೆ ‘ರೋಲ್ ಬ್ಯಾಕ್’ ಗುಂಡಿ ಇದೆ. ಡ್ರೈವರನ್ನು ತಯಾರಕರ ತಾಣದಿಂದಲೇ ಇಳಿಸಿಕೊಳ್ಳಬೇಕು. ಎಲ್ಲ ಡ್ರೈವರ್‌ಗಳನ್ನೂ ಒಂದೇ ಒತ್ತಿಗೆ ಹೊಸದು ಮಾಡುತ್ತೇವೆ ಎನ್ನುವ ಮೂರನೆಯವರ ತಂತ್ರಾಂಶಗಳನ್ನು ಬ್ಯಾಂಕ್ ವಿವರ ಇರುವ ಕಂಪ್ಯೂಟರಿನ ಹತ್ತಿರವೂ ಬಿಡಬಾರದು.

ಸದ್ಯದ ಸ್ಥಿತಿ

ಲೆಕ್ಕದ ತಂತ್ರಾಂಶಗಳು ಬ್ರೌಸರಿಗೂ ಮೊಬೈಲಿಗೂ ಸಾಗುತ್ತಿರುವುದರಿಂದ ಈ ಬಗೆಯ ಸಂಘರ್ಷ ಕಡಿಮೆಯಾಗುತ್ತಿದೆ. ಮೂರನೆಯವರ ಪ್ರಿಂಟರ್ ಡ್ರೈವರ್‌ಗಳನ್ನು ಹಂತಹಂತವಾಗಿ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು, ಟಿಪಿಎಂ 2.0 ಎಂಬ ಭದ್ರತಾ ಘಟಕ ಇಲ್ಲದ ಕಂಪ್ಯೂಟರುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಹಳೆಯ ಲೆಕ್ಕವಿರುವವರು ಹೊಸ ಕಂಪ್ಯೂಟರಿಗೆ ಹೋಗುವ ಮುನ್ನ ಹಳೆಯದರಲ್ಲೇ ಖಾತೆಗಳನ್ನು ಸಿಎಸ್‌ವಿ ಅಥವಾ ಕ್ಯೂಐಎಫ್ ರೂಪದಲ್ಲಿ ಹೊರತೆಗೆದು, ಪ್ರತಿ ಖಾತೆಯ ಕೊನೆಯ ಶಿಲ್ಕು ಬರೆದಿಟ್ಟುಕೊಂಡು, ಹೊಸದರಲ್ಲಿ ತಾಳೆ ನೋಡಬೇಕು. ಟೋಕನ್ ಬಳಸುವವರು ವಿವರ ಸಲ್ಲಿಕೆಯ ಗಡುವಿಗೆ ಎರಡು ವಾರ ಮೊದಲೇ ಅದನ್ನು ಸಿಕ್ಕಿಸಿ ಸಹಿ ಬೀಳುತ್ತದೆಯೇ ಎಂದು ನೋಡಿಕೊಳ್ಳಿ. ಕೊನೆಯ ದಿನ ಸಹಾಯವಾಣಿಗೆ ಸಾಲು ಹಚ್ಚಿದವರಲ್ಲಿ ನೀವೂ ಒಬ್ಬರಾಗುವುದು ಬೇಡ.